ಮೂರು ಕುರ್ಚಿ, ಒಬ್ಬರೇ ಮನುಷ್ಯ

ಅಕ್ಕನ ಮಗಳು ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕರ ಸರ್ಕಾರಿ ಹುದ್ದೆ) ಪರೀಕ್ಷೆಗೆ ಓದ್ತಿದ್ದಾಳೆ. ನಿನ್ನೆ ಕೋಲಾರದಲ್ಲಿ ಅವರ ಮನೆ ಜಗಲಿ ಮೇಲೆ ಅವರೆಕಾಯಿ ಬಿಡಿಸ್ತಾ ಕೂತಿದ್ದೆವು. 'ಮಾಮ, ನಮ್ಮ ರಾಜ್ಯದ ಮೊದಲ ರಾಜ್ಯಪಾಲರು ಯಾರು?' ಅಂದಳು. ಜಯಚಾಮರಾಜ ಒಡೆಯರ್ ಅಂದೆ. 'ಅವರು ಮಹಾರಾಜರಲ್ವಾ?' ಅಂತ ನಕ್ಕಳು.

ನಗೋ ವಿಷಯವೇನಲ್ಲ, ಆದರೆ ವಿಚಿತ್ರ ನಿಜ. 1940ರಿಂದ ಮಹಾರಾಜರು. 1950ರಲ್ಲಿ ರಾಜಪ್ರಮುಖರು, ಅಂದ್ರೆ ಹಳೇ ಸಂಸ್ಥಾನದ ರಾಜ್ಯಕ್ಕೆ ರಾಜ್ಯಪಾಲರಂಥ ಮುಖ್ಯಸ್ಥರು. 1956ರ ನವೆಂಬರ್ 1ಕ್ಕೆ ಆ ಹುದ್ದೆಯೇ ಹೋಯಿತು, ಅವತ್ತೇ ದೊಡ್ಡದಾದ ಮೈಸೂರು ರಾಜ್ಯಕ್ಕೆ ರಾಜ್ಯಪಾಲರಾದರು. ಮನುಷ್ಯ ಅವರೇ, ಬದಲಾಗಿದ್ದು ಕುರ್ಚಿ. 1964ರಲ್ಲಿ ಮದ್ರಾಸಿಗೆ ಹೋದರು, ಅಲ್ಲೂ ರಾಜ್ಯಪಾಲರೇ. ತಾನು ಆಳಿದ ನಾಡಿನಲ್ಲೇ ದೆಹಲಿಯ ಪ್ರತಿನಿಧಿಯಾಗಿ ಸಹಿ ಹಾಕುವಾಗ ಒಳಗೊಳಗೆ ಏನನ್ನಿಸುತ್ತಿತ್ತೋ.

ಆಮೇಲೆ ಬಂದವರಲ್ಲಿ ವಿ.ವಿ. ಗಿರಿ ರಾಷ್ಟ್ರಪತಿಯಾದರು. ಮೊದಲ ಮಹಿಳೆ ವಿ.ಎಸ್. ರಮಾದೇವಿ, 1999ರಲ್ಲಿ. ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಸರ್ಕಾರ 1989ರಲ್ಲಿ ಬಿದ್ದದ್ದು ಬಹುಮತ ಇಲ್ಲ ಅನ್ನೋ ರಾಜ್ಯಪಾಲರ ವರದಿಯಿಂದ. ಬಹುಮತ ಇದೆಯೋ ಇಲ್ಲವೋ ಸದನದಲ್ಲೇ ನೋಡಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1994ರಲ್ಲಿ. ಅಷ್ಟರಲ್ಲಿ ಐದು ವರ್ಷ ಕಳೆದಿತ್ತು. ಇದನ್ನು ಹುಡುಗಿ ಎರಡು ಸಲ ಬರೆದುಕೊಂಡಳು.

ನಮ್ಮ ಜಿಲ್ಲೆಯವರು ಯಾರಾದ್ರೂ ಇದ್ದಾರಾ ಅಂತ ಕೇಳಿದಳು. ಇದ್ದಾರೆ! ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿ. ಮೈಸೂರಿನ ಮೊದಲ ಮುಖ್ಯಮಂತ್ರಿ, 1965ರಲ್ಲಿ ಮಧ್ಯಪ್ರದೇಶದ ರಾಜ್ಯಪಾಲರು. ನಮ್ಮ ಕಡೆ ಬಸ್ಸಲ್ಲಿ ಅವರ ಹೆಸರು ಹೇಳಿದರೆ ಎಷ್ಟು ಜನ ತಿರುಗಿ ನೋಡ್ತಾರೋ.

ಅಕ್ಕ ಒಳಗಿಂದ ಕೂಗಿದಳು, 'ರಾಜ್ಯಪಾಲರು ಸಾಕು, ಅವರೆಕಾಳು ತನ್ನಿ.'