ಸರ್ಕಾರಿ ಕಾಮಗಾರಿಯ ಲಾಭ ಯಾವಾಗ ಕೈಗೆ ಬರುತ್ತದೆ?

ಪ್ರತಿ ವರ್ಷ ರಾಜ್ಯ ಬಜೆಟ್ ಮಂಡನೆಯಾದ ಮರುದಿನ ಬೆಂಗಳೂರಿನಲ್ಲಿ ಒಂದೇ ಬಗೆಯ ಚರ್ಚೆ ನಡೆಯುತ್ತದೆ. ಮೇಲ್ಸೇತುವೆ, ಸುರಂಗ ರಸ್ತೆ, ಮೆಟ್ರೊ ಮಾರ್ಗಗಳಿಗೆ ತೆಗೆದಿರಿಸಿದ ಸಾವಿರಾರು ಕೋಟಿ ರೂಪಾಯಿಯ ಮೊತ್ತವನ್ನೇ ಕೆಲವರು ಅಭಿವೃದ್ಧಿಯೆಂದು ಕರೆಯುತ್ತಾರೆ. ಅದೇ ಮೊತ್ತವನ್ನು ತೋರಿಸಿ ತೆರಿಗೆದಾರರ ಹಣ ಪೋಲಾಗುತ್ತಿದೆ ಎಂದು ಇನ್ನು ಕೆಲವರು ದೂರುತ್ತಾರೆ. ಸರ್ಕಾರದ ಹಣದಲ್ಲಿ ನಡೆಯುವ ಕಾಮಗಾರಿಗಳಿಂದ ಆರ್ಥಿಕತೆಗೆ ದೊಡ್ಡ ಲಾಭವಿದೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಆದರೆ ಹಣ ಖರ್ಚಾದ ದಿನ ಹುಟ್ಟುವ ಲಾಭ ಅದರ ಸಣ್ಣ ಪಾಲು. ಕಟ್ಟಿದ್ದು ಪೂರ್ತಿಯಾಗಿ, ಜನರ ಬಳಕೆಗೆ ಬಂದು, ಕೆಡದಂತೆ ನೋಡಿಕೊಂಡಷ್ಟು ಕಾಲ ಉಳಿದ ಪಾಲು ಬೆಳೆಯುತ್ತಾ ಹೋಗುತ್ತದೆ. ಆ ದೊಡ್ಡ ಪಾಲಿನ ಬಗ್ಗೆ ನಮ್ಮ ನಗರದಲ್ಲಿ ಯಾರೂ ಲೆಕ್ಕ ಕೇಳುತ್ತಿಲ್ಲ ಎಂಬುದು ನನ್ನ ಕಳವಳ.

ಮೊದಲ ಪಾಲನ್ನು ನಾನು ಹಗುರವಾಗಿ ಕಾಣುವುದಿಲ್ಲ. ಒಂದು ಸೇತುವೆಯ ಕೆಲಸ ಶುರುವಾದರೆ ಸೆಂಟ್ರಿಂಗ್‌ನವರಿಗೆ, ಕಂಬಿ ಕಟ್ಟುವವರಿಗೆ, ಜಲ್ಲಿ ಮತ್ತು ಎಂ-ಸ್ಯಾಂಡ್ ಸಾಗಿಸುವ ಟಿಪ್ಪರ್ ಚಾಲಕರಿಗೆ ದುಡಿಮೆ ಸಿಗುತ್ತದೆ. ಬಟವಾಡೆಯಾದ ಸಂಜೆ ಅದೇ ಹಣ ಶೆಡ್ಡುಗಳ ಪಕ್ಕದ ದಿನಸಿ ಅಂಗಡಿಗೂ, ಊರಿನಲ್ಲಿರುವ ತಂದೆ ತಾಯಿಗೂ ತಲುಪುತ್ತದೆ. ಅರ್ಥಶಾಸ್ತ್ರಜ್ಞರು ಗುಣಕ ಪರಿಣಾಮವೆಂದು ಕರೆಯುವುದು ಇದನ್ನೇ. ನಮ್ಮ ದೇಶದಲ್ಲಿ ಬಂಡವಾಳ ವೆಚ್ಚಕ್ಕೆ, ಅಂದರೆ ರಸ್ತೆ, ಸೇತುವೆಯಂಥ ಆಸ್ತಿಗಳನ್ನು ಕಟ್ಟುವುದಕ್ಕೆ, ಹೋಗುವ ಒಂದು ರೂಪಾಯಿ ಸುಮಾರು ಎರಡೂವರೆ ರೂಪಾಯಿಯಷ್ಟು ಉತ್ಪನ್ನವನ್ನು ಹುಟ್ಟಿಸುತ್ತದೆ ಎಂದು ದೆಹಲಿಯ ರಾಷ್ಟ್ರೀಯ ಸಾರ್ವಜನಿಕ ಹಣಕಾಸು ಮತ್ತು ನೀತಿ ಸಂಸ್ಥೆಯ ಅಧ್ಯಯನವೊಂದು ಅಂದಾಜಿಸಿತ್ತು. ಕೇಂದ್ರ ಸರ್ಕಾರ 2025-26ರ ಬಜೆಟ್‌ನಲ್ಲಿ ಬಂಡವಾಳ ವೆಚ್ಚಕ್ಕೆ 11.21 ಲಕ್ಷ ಕೋಟಿ ರೂಪಾಯಿ ಇಟ್ಟದ್ದರ ಹಿಂದೆ ಇಂಥದೇ ತರ್ಕವಿದೆ. ಆದರೆ ಇದು ಸರಾಸರಿ. ಕಾಲಕ್ಕೆ ಸರಿಯಾಗಿ ಮುಗಿದ ಅಣೆಕಟ್ಟು, ಅರ್ಧಕ್ಕೆ ನಿಂತ ಮೇಲ್ಸೇತುವೆ ಎರಡೂ ಅದರೊಳಗೆ ಸೇರಿಹೋಗಿವೆ.

ಕೆಲಸವಿಲ್ಲದೆ ಕೈಗಳು ಖಾಲಿ ಕುಳಿತಿರುವ ಕಾಲದಲ್ಲಿ ಸರ್ಕಾರ ಕೂಲಿ ಕೊಟ್ಟರೆ ಅದರಿಂದ ಬೇರೆಯವರಿಗೆ ಏನೂ ಕಡಿಮೆಯಾಗುವುದಿಲ್ಲ. 2020ರ ಬೇಸಿಗೆಯಲ್ಲಿ ಬೆಂಗಳೂರಿನ ಕಟ್ಟಡ ಕೆಲಸಗಳೆಲ್ಲ ನಿಂತು ರಾಯಚೂರು, ಯಾದಗಿರಿ, ಕಲಬುರಗಿಯ ಕುಟುಂಬಗಳು ಊರಿಗೆ ಮರಳಿದಾಗ ಅಂಥವರ ಕೈಹಿಡಿದದ್ದು ನರೇಗಾ. ದೇಶದಾದ್ಯಂತ ಆ ಯೋಜನೆಯಡಿ 2019-20ರಲ್ಲಿ ಸೃಷ್ಟಿಯಾದದ್ದು ಸುಮಾರು 265 ಕೋಟಿ ಮಾನವ ದಿನಗಳು; 2020-21ರಲ್ಲಿ ಅದು ಸುಮಾರು 389 ಕೋಟಿಗೆ ಏರಿತು. ಕೆರೆಯ ಹೂಳೆತ್ತಿದರು, ಹೊಲಗಳಿಗೆ ಬದು ಹಾಕಿದರು, ಕೃಷಿ ಹೊಂಡ ತೋಡಿದರು. ಇಂದಿನ ಬೆಂಗಳೂರಿನ ಸ್ಥಿತಿ ಬೇರೆ. ಇಲ್ಲಿ ಮೇಸ್ತ್ರಿಗಳೂ ಕ್ರೇನುಗಳೂ ಬಿಡುವಿಲ್ಲದೆ ದುಡಿಯುತ್ತಿರುವಾಗ ಸರ್ಕಾರ ಹತ್ತು ಕಡೆ ಒಟ್ಟಿಗೆ ನೆಲ ಅಗೆದರೆ, ಖಾಸಗಿಯವರ ಜೊತೆ ಅದೇ ಆಳುಗಳಿಗಾಗಿ, ಅದೇ ಜಲ್ಲಿಗಾಗಿ ಪೈಪೋಟಿ ನಡೆದು ದರ ಏರುತ್ತದೆ. ಕೆಲಸ ಕೊಟ್ಟೆವು ಎಂಬ ಸಮಾಧಾನಕ್ಕೆ ಇಲ್ಲಿ ಹೆಚ್ಚು ಬೆಲೆಯಿಲ್ಲ. ಈ ನಗರದಲ್ಲಿ ಕಾಮಗಾರಿಯನ್ನು ಅಳೆಯಬೇಕಾದದ್ದು ಮುಗಿದ ಮೇಲೆ ಅದು ಏನು ಕೊಡುತ್ತದೆ ಎಂಬುದರಿಂದಲೇ.

ಈ ಅಳತೆಗೆ ಚೆನ್ನಾಗಿ ನಿಲ್ಲುವ ಉದಾಹರಣೆಗಳು ಕಾವೇರಿಯ ದಡದಲ್ಲಿವೆ. ದಿವಾನ್ ಶೇಷಾದ್ರಿ ಅಯ್ಯರ್ ಅವರು ಕೈಗೆತ್ತಿಕೊಂಡ ಶಿವನಸಮುದ್ರದ ಜಲವಿದ್ಯುತ್ ಕೇಂದ್ರ 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಕೊಡಲಾರಂಭಿಸಿತು. ಕೊಳ್ಳುವ ಗಿರಾಕಿ ಮೊದಲ ದಿನವೇ ಸಿದ್ಧನಿದ್ದ. ಹಾಗಾಗಿ ಹಾಕಿದ ಬಂಡವಾಳ ಒಂದು ದಿನವೂ ಸುಮ್ಮನೆ ಕೂರಲಿಲ್ಲ. 1905ರಲ್ಲಿ ಬೆಂಗಳೂರಿನಲ್ಲಿ ವಿದ್ಯುತ್ ದೀಪಗಳು ಬೆಳಗಿದ್ದೂ ಅಲ್ಲಿಂದಲೇ. ಬೇಸಿಗೆಯಲ್ಲಿ ನದಿ ಸೊರಗಿದಾಗಲೂ ಈ ಕೇಂದ್ರಕ್ಕೆ ನೀರು ಬೇಕು, ಜೊತೆಗೆ ನೀರಾವರಿಯೂ ಆಗಬೇಕು ಎಂಬ ಎರಡು ಉದ್ದೇಶಗಳನ್ನು ಹೊತ್ತು 1911ರಲ್ಲಿ ಕನ್ನಂಬಾಡಿ ಅಣೆಕಟ್ಟೆಯ (ಇಂದಿನ ಕೃಷ್ಣರಾಜಸಾಗರ) ಕೆಲಸ ಆರಂಭವಾಯಿತು. ಮದ್ರಾಸ್ ಸರ್ಕಾರದ ಜೊತೆಗಿನ ವ್ಯಾಜ್ಯ 1924ರ ಒಪ್ಪಂದದವರೆಗೂ ಎಳೆಯಿತು. ಇಷ್ಟಾದರೂ ಮೈಸೂರು ಸಂಸ್ಥಾನ ಕೆಲಸವನ್ನು ಅರ್ಧಕ್ಕೆ ಬಿಡಲಿಲ್ಲ.

ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಅಣೆಕಟ್ಟೆ ಎದ್ದು ನಿಂತಲ್ಲಿಗೆ ಕೆಲಸ ಮುಗಿಯಿತೆಂದು ಆಗಿನವರು ಭಾವಿಸಲಿಲ್ಲ. ಹುಲಿಕೆರೆಯ ಬಳಿ ಗುಡ್ಡ ಕೊರೆದು ಸುರಂಗ ಮಾಡಿ, ಇಂದು ವಿಶ್ವೇಶ್ವರಯ್ಯ ನಾಲೆ ಎನಿಸಿಕೊಂಡಿರುವ ಅಂದಿನ ಇರ್ವಿನ್ ನಾಲೆಯನ್ನು ಮಂಡ್ಯದ ಬಯಲಿಗೆ ಹರಿಸಿದರು. ನೀರು ಬಂದ ಮೇಲೆ ಬೆಳೆಯುವ ಕಬ್ಬಿಗೆ ಗಿರಾಕಿ ಬೇಕಲ್ಲ. ಕೃಷಿ ಇಲಾಖೆಯ ಮುಖ್ಯಸ್ಥರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಆಸ್ಥೆಯಿಂದ 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆಯೂ ಬಂತು. ಮಳೆಯನ್ನೇ ನಂಬಿ ರಾಗಿ, ಹುರುಳಿ ಬೆಳೆಯುತ್ತಿದ್ದ ಸೀಮೆ ಬೆಲ್ಲ, ಸಕ್ಕರೆ, ಭತ್ತದ ಸೀಮೆಯಾಯಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಹಳೆಯ ಕನ್ನಂಬಾಡಿಯೂ ಸೇರಿದಂತೆ ಮುಳುಗಿಹೋದ ಹಳ್ಳಿಗಳ ಜನರ ನಷ್ಟವನ್ನು ಈ ಲೆಕ್ಕದಿಂದ ಬಿಡಲಾಗದು. ಆದರೂ ಅಣೆಕಟ್ಟೆ, ನಾಲೆ, ಬೆಳೆ, ಕಾರ್ಖಾನೆ ಎಂಬ ಕೊಂಡಿಗಳನ್ನು ಒಂದಕ್ಕೊಂದು ಹೀಗೆ ಸೇರಿಸಿದ್ದರಿಂದಲೇ ಆ ಖರ್ಚು ಇಂದಿಗೂ ಪ್ರತಿಫಲ ಕೊಡುತ್ತಿದೆ.

ನಮ್ಮ ಕಾಲದಲ್ಲಿ ಕೊಂಡಿ ತಪ್ಪುವುದು ಹೇಗೆಂಬುದಕ್ಕೆ ನಮ್ಮ ಮೆಟ್ರೊದ ಹಳದಿ ಮಾರ್ಗವನ್ನು ನೋಡಬಹುದು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಸುಮಾರು 19 ಕಿಲೋಮೀಟರ್ ಮಾರ್ಗ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವವರ ಬಹುಕಾಲದ ನಿರೀಕ್ಷೆಯಾಗಿತ್ತು. ಕಂಬ, ಹಳಿ, ನಿಲ್ದಾಣಗಳು ಸಿದ್ಧವಾದರೂ ಬೋಗಿಗಳ ಪೂರೈಕೆ ತಡವಾದ್ದರಿಂದ ಮಾರ್ಗ ಖಾಲಿಯಾಗಿ ಕಾದಿತ್ತು. 2025ರ ಆಗಸ್ಟ್ 10ರಂದು ಉದ್ಘಾಟನೆಯಾದಾಗಲೂ ಓಡಲು ಇದ್ದದ್ದು ಮೂರು ರೈಲುಗಳು, 25 ನಿಮಿಷಕ್ಕೊಂದರಂತೆ. ಮಾರ್ಗ ಖಾಲಿ ನಿಂತಿದ್ದ ಅಷ್ಟೂ ಕಾಲ ಸಾವಿರಾರು ಕೋಟಿಯ ಸಾಲಕ್ಕೆ ಬಡ್ಡಿ ಬೆಳೆಯುತ್ತಿರುವಾಗ ಟಿಕೆಟ್ ಆದಾಯವೂ ಇರಲಿಲ್ಲ, ಕೆಳಗಿನ ಹೊಸೂರು ರಸ್ತೆಯ ದಟ್ಟಣೆಗೆ ಬಿಡುಗಡೆಯೂ ಇರಲಿಲ್ಲ.

ಇಂಥ ವಿಳಂಬದ ನಷ್ಟ ಯಾವ ಇಲಾಖೆಯ ಕಡತದಲ್ಲೂ ಕಾಣಿಸುವುದಿಲ್ಲ. ನಮ್ಮ ಬಡಾವಣೆಯಲ್ಲಿ ಚರಂಡಿಗೆಂದು ರಸ್ತೆ ಅಗೆದು, ಕಾಂಕ್ರೀಟ್ ಪೆಟ್ಟಿಗೆಗಳನ್ನು ಅರ್ಧ ದೂರ ಇಳಿಸಿ, ಬಿಲ್ ಬಾಕಿಯೆಂದು ಕೆಲಸ ನಿಲ್ಲಿಸಿದಾಗ ಮೂಲೆಯ ಬೇಕರಿಯ ಮಾಲೀಕರು ಗುಂಡಿಯ ಮೇಲೆ ಎರಡು ಸೆಂಟ್ರಿಂಗ್ ಹಲಗೆ ಹಾಸಿ ಗಿರಾಕಿಗಳನ್ನು ದಾಟಿಸಿಕೊಳ್ಳುತ್ತಿದ್ದರು. ವಯಸ್ಸಾದವರು ಆ ಹಲಗೆಯ ಮೇಲೆ ಕಾಲಿಡಲು ಹೆದರಿ ಹಿಂದಿರುಗುತ್ತಿದ್ದರು. "ರಸ್ತೆ ಆಗ್ಲಿ ಸಾರ್, ನಮಗೂ ಬೇಕು. ಯಾವಾಗ ಮುಗಿಯುತ್ತೆ ಅಂತ ಒಂದು ತಾರೀಕು ಹೇಳಿದ್ರೆ ಹುಡುಗರನ್ನ ಅಲ್ಲೀವರೆಗೆ ಊರಿಗೆ ಕಳಿಸ್ತಿದ್ದೆ" ಎಂದು ಅವರು ಹೇಳಿದರು. ಅವರು ಕೇಳಿದ್ದು ಪರಿಹಾರವನ್ನಲ್ಲ, ಬರೀ ಒಂದು ತಾರೀಕನ್ನು. 2017ರಲ್ಲಿ ಆರಂಭವಾದ ಎರಡೂವರೆ ಕಿಲೋಮೀಟರಿನ ಈಜಿಪುರ ಮೇಲ್ಸೇತುವೆಯ ಕಂಬಗಳು ವರ್ಷಗಟ್ಟಲೆ ಬೋಳಾಗಿ ನಿಂತ ಅವಧಿಯಲ್ಲಿ ಆ ರಸ್ತೆಯುದ್ದಕ್ಕೂ ಇಂಥ ಎಷ್ಟು ಅಂಗಡಿಗಳು ಸೊರಗಿದವು ಎಂಬುದನ್ನು ಯೋಜನಾ ವೆಚ್ಚಕ್ಕೆ ಕೂಡಿಸಿ ನೋಡಿದರೆ, ಅದರ ನಿಜವಾದ ಬೆಲೆ ತಿಳಿದೀತು.

ಮುಗಿದ ಕೆಲಸವೂ ಎಲ್ಲರಿಗೂ ಸಮನಾಗಿ ಲಾಭ ತರುವುದಿಲ್ಲ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ದಶಪಥ ಪ್ರಯಾಣದ ಸಮಯವನ್ನು ಉಳಿಸಿದೆ. ಬೈಪಾಸ್‌ಗಳಿಂದಾಗಿ ಚನ್ನಪಟ್ಟಣದ ಗೊಂಬೆ ಅಂಗಡಿಗಳೂ ಮದ್ದೂರಿನ ವಡೆ ಹೋಟೆಲುಗಳೂ ದಾರಿಹೋಕ ಗಿರಾಕಿಗಳನ್ನು ಕಳೆದುಕೊಂಡಿವೆ. ಒಟ್ಟು ಲಾಭ ಹೆಚ್ಚೆಂದು ನಾನು ಒಪ್ಪುತ್ತೇನೆ. ಆದರೆ ಆ ಲಾಭದ ಒಂದು ಪಾಲು ಹಳೆಯ ರಸ್ತೆಯ ಅಂಗಡಿಯವರಿಗೂ ಸಲ್ಲಬೇಕಿತ್ತು.

ಇನ್ನು ನಿರ್ವಹಣೆಯ ಮಾತು. ಹಿಂದೆ ಕೆರೆ ಕಟ್ಟಿಸಿದವರು ಅದರ ದುರಸ್ತಿಗೆಂದು ಬಿತ್ತುವಟ್ಟವಾಗಿ ಭೂಮಿಯನ್ನು ಅಥವಾ ಆದಾಯವನ್ನು ಬಿಟ್ಟುಕೊಟ್ಟದ್ದನ್ನು ನಮ್ಮ ಎಷ್ಟೋ ಶಾಸನಗಳು ದಾಖಲಿಸಿವೆ. ತೂಬು ಎತ್ತಿ ಇಳಿಸುವ ನೀರುಗಂಟಿಗೂ ಪಾಲು ಇರುತ್ತಿತ್ತು. ಕಟ್ಟುವ ದಿನವೇ ಕಾಯುವ ಖರ್ಚಿಗೂ ದಾರಿ ಮಾಡುತ್ತಿದ್ದ ಆ ವಿವೇಕ ಇಂದಿನ ಟೆಂಡರ್‌ಗಳಲ್ಲಿ ಅಪರೂಪ. ರಾಜಕಾಲುವೆಯ ಹೂಳೆತ್ತುವುದಕ್ಕೆ ಶಂಕುಸ್ಥಾಪನೆಯ ಕಲ್ಲು ನೆಡಲಾಗದು, ಆದ್ದರಿಂದ ಅದಕ್ಕೆ ಹಣ ಸಿಗುವುದು ಕಷ್ಟ. 2022ರ ಆಗಸ್ಟ್ 30ರ ಮಳೆಗೆ ಹೊರವರ್ತುಲ ರಸ್ತೆ ಮುಳುಗಿದಾಗ, ಅಲ್ಲಿನ ಕಂಪನಿಗಳ ಸಂಘವು ಒಂದೇ ದಿನಕ್ಕೆ 225 ಕೋಟಿ ರೂಪಾಯಿ ನಷ್ಟವಾಯಿತೆಂದು ಮುಖ್ಯಮಂತ್ರಿಗೆ ಪತ್ರ ಬರೆದಿತ್ತು. ನೀರು ಹರಿದುಹೋಗುವ ದಾರಿಯನ್ನು ತೆರವಾಗಿಡುವ ಕೆಲಸದಷ್ಟು ಲಾಭ ತರುವ ಸಾರ್ವಜನಿಕ ಕಾಮಗಾರಿ ಈ ನಗರದಲ್ಲಿ ಇನ್ನೊಂದಿಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ.

ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುರಂಗ ರಸ್ತೆಯ ವಾದವನ್ನು ಈ ಹಿನ್ನೆಲೆಯಲ್ಲಿಯೇ ನಾನು ನೋಡುತ್ತೇನೆ. ಅದರ ಅಂದಾಜು ವೆಚ್ಚ 17,000 ಕೋಟಿ ರೂಪಾಯಿ ದಾಟಿದೆ. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂಬ ನಾಲ್ಕು ಮಾರ್ಗಗಳ, 148 ಕಿಲೋಮೀಟರ್ ಉದ್ದದ ಉಪನಗರ ರೈಲು ಯೋಜನೆಗೆ 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾದಾಗ ಹೇಳಿದ ವೆಚ್ಚ 15,767 ಕೋಟಿ ರೂಪಾಯಿ, ಕೊಟ್ಟ ಗಡುವು 40 ತಿಂಗಳು. ಆ ಗಡುವು ಕಳೆದರೂ ಒಂದು ರೈಲೂ ಓಡಿಲ್ಲ. ಕಾರಿಲ್ಲದ ಗಾರ್ಮೆಂಟ್ಸ್ ಕಾರ್ಮಿಕರೂ ಚಿಕ್ಕಬಾಣಾವರದ ಕಾಲೇಜು ವಿದ್ಯಾರ್ಥಿಗಳೂ ಹತ್ತಬಲ್ಲ ಆ ಮಲ್ಲಿಗೆ ಮಾರ್ಗದ 25 ಕಿಲೋಮೀಟರನ್ನು ಮೊದಲು ಮುಗಿಸಲಿ, ರೈಲು ಬೋಗಿಗಳ ಖರೀದಿಯನ್ನು ಹಳಿಯ ಕೆಲಸದ ಜೊತೆಜೊತೆಗೇ ನಡೆಸಲಿ, ಅಲ್ಲಿಯವರೆಗೆ ಸುರಂಗಕ್ಕೆ ಹೊಸ ಸಾಲ ಮಾಡುವುದು ಬೇಡ ಎಂದು ನಮ್ಮ ಕ್ಷೇತ್ರದ ಶಾಸಕರಿಗೆ ಬರೆಯಲಿದ್ದೇನೆ.