ಉಪವಾಸ ಮಾಡಿದರೆ ಪಾಪ ಹೋಗುತ್ತದಂತಾ?

ಊರಿಗೆ ಬಂದಾಗಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. ನಾನು ಕೆಲವು ವರ್ಷ ಇಸ್ರೇಲಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೆ. ನಮ್ಮ ಮಂಗಳೂರು, ಉಡುಪಿ ಕಡೆಯ ಎಷ್ಟೋ ಜನ ಅಲ್ಲಿ ಮಾಡುವ ಕೆಲಸವೇ ಅದು. ಸಂಬಳ ಎಷ್ಟು, ಬಾಂಬ್ ಬೀಳಲ್ವಾ ಅನ್ನೋದೆಲ್ಲ ಮುಗಿದ ಮೇಲೆ ದೊಡ್ಡಮ್ಮ ಎಲೆ ಅಡಿಕೆ ತಟ್ಟೆ ಹತ್ತಿರ ಎಳೆದುಕೊಂಡು ಶುರು ಮಾಡುತ್ತಾರೆ. "ಅವರು ವರ್ಷಕ್ಕೊಂದು ದಿನ ನೀರೂ ಕುಡಿಯದೆ ಉಪವಾಸ ಇರ್ತಾರಂತಲ್ಲ, ಅದರಿಂದ ವರ್ಷದ ಪಾಪ ಎಲ್ಲ ಹೋಗ್ತದಂತಾ? ನಮ್ಮ ಏಕಾದಶಿ ಹಾಗೇನಾ?"

ಇಲ್ಲ ದೊಡ್ಡಮ್ಮ. ಬರೀ ಹೊಟ್ಟೆ ಖಾಲಿ ಇಟ್ಟರೆ ಹೋಗುವುದಿಲ್ಲ, ಇದನ್ನು ಅವರ ಗ್ರಂಥಗಳೇ ಹೇಳುತ್ತವೆ. ಆದರೆ ಇಷ್ಟು ಹೇಳಿ ಎದ್ದರೆ ಅವರು ಬಿಡುವವರಲ್ಲ, ಹಾಗಾಗಿ ಒಂದು ಸಲ ಪೂರ್ತಿ ಬರೆದೇ ಬಿಡುತ್ತೇನೆ.

ಆ ದಿನದ ಹೆಸರು ಯೋಮ್ ಕಿಪ್ಪುರ್. ಯೆಹೂದ್ಯರ ಪಂಚಾಂಗದಲ್ಲಿ ತಿಶ್ರಿ ತಿಂಗಳ ಹತ್ತನೇ ದಿನ. ಅವರದೂ ನಮ್ಮ ಹಾಗೆ ಚಂದ್ರನ ತಿಂಗಳು, ಅಧಿಕ ಮಾಸ ಸೇರಿಸಿ ಸೂರ್ಯನ ಲೆಕ್ಕಕ್ಕೆ ಹೊಂದಿಸಿಕೊಳ್ಳುತ್ತಾರೆ. ಹಾಗಾಗಿ ಅವರ ಹತ್ತನೇ ದಿನವೂ ನಮ್ಮ ಆಶ್ವಯುಜ ಶುದ್ಧ ದಶಮಿಯೂ ಎಷ್ಟೋ ಸಲ ಒಟ್ಟಿಗೇ ಬೀಳುತ್ತವೆ. 2022ರ ಅಕ್ಟೋಬರ್ 5, 2024ರ ಅಕ್ಟೋಬರ್ 12, 2025ರ ಅಕ್ಟೋಬರ್ 2, ಮೂರೂ ಸಲ ವಿಜಯದಶಮಿಯ ದಿನವೇ ಯೋಮ್ ಕಿಪ್ಪುರ್. ಇಲ್ಲಿ ಮೈಸೂರಿನಲ್ಲಿ ಜಂಬೂ ಸವಾರಿಗೆ ಕಾಲಿಡಲು ಜಾಗ ಇರುವುದಿಲ್ಲ, ಅಲ್ಲಿ ರಸ್ತೆಯಲ್ಲಿ ಕಾರೇ ಇಲ್ಲ. ಬೆನ್ ಗುರಿಯನ್ ವಿಮಾನ ನಿಲ್ದಾಣ ಮುಚ್ಚುತ್ತದೆ, ಟಿವಿ ಚಾನೆಲ್‌ಗಳೂ ಬಂದ್. ದೇವರು ದಿಂಡರು ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳದ ಮನೆಗಳ ಮಕ್ಕಳು ಸೈಕಲ್ ತಗೊಂಡು ಹೆದ್ದಾರಿ ಮಧ್ಯದಲ್ಲೇ ಓಡಾಡುತ್ತಿರುತ್ತಾರೆ.

ಉಪವಾಸ ಸುಮಾರು 25 ಗಂಟೆ. ಸಂಜೆ ಸೂರ್ಯ ಮುಳುಗುವ ಮೊದಲು ಹಿಡಿದರೆ ಮಾರನೇ ದಿನ ನಕ್ಷತ್ರ ಕಾಣುವವರೆಗೆ ಅನ್ನ, ನೀರು ಎರಡೂ ಇಲ್ಲ. ಸ್ನಾನ ಇಲ್ಲ, ಮೈಗೆ ಎಣ್ಣೆ ಇಲ್ಲ, ಗಂಡ ಹೆಂಡತಿ ದೂರ, ಚರ್ಮದ ಚಪ್ಪಲಿಯೂ ಇಲ್ಲ. ಅದಕ್ಕೇ ಬಿಳಿ ಬಟ್ಟೆ ಹಾಕಿದ ಹಿರಿಯರು ಕಾಲಿಗೆ ಕ್ರಾಕ್ಸ್ ಸಿಕ್ಕಿಸಿಕೊಂಡು ಪ್ರಾರ್ಥನೆಗೆ ಹೊರಡುತ್ತಾರೆ. ಮೊದಲ ವರ್ಷ ನನಗೆ ನಗು ತಡೆಯಲಾಗಲಿಲ್ಲ. ನಮ್ಮಲ್ಲಿ ಕಟ್ಟಾ ಮಾಧ್ವರ ನಿರ್ಜಲ ಏಕಾದಶಿ ನೋಡಿದವರಿಗೆ ನೀರಿಲ್ಲದ ಉಪವಾಸ ಹೊಸದಲ್ಲ. ಅವಲಕ್ಕಿ, ಗೋಧಿ ದೋಸೆ, ಬಾಳೆಹಣ್ಣಿನ ರಸಾಯನ ಅಂತ ಊಟಕ್ಕಿಂತ ಜಾಸ್ತಿಯೇ ತಿನ್ನುವ ನಮ್ಮ ಮನೆಯ ಏಕಾದಶಿಯ ಮಾತು ಬೇಡ. ಒಂದು ವರ್ಷ ನಾನೂ ಮಾಡಿ ನೋಡಿದೆ. ಹಸಿವು ಏನೂ ಅನ್ನಿಸಲಿಲ್ಲ. ಚಹಾ ಇಲ್ಲದೆ ಮಧ್ಯಾಹ್ನದ ಹೊತ್ತಿಗೆ ತಲೆ ಒಡೆಯಿತು.

ಆ ದಿನ ಬೆಳಿಗ್ಗೆ ಅವರ ಪ್ರಾರ್ಥನಾ ಮಂದಿರದಲ್ಲಿ ಏನು ಓದುತ್ತಾರೆ ಗೊತ್ತಾ? ಉಪವಾಸವನ್ನೇ ಬೈಯುವ ಭಾಗ! ಪ್ರವಾದಿ ಯೆಶಾಯ ಹೇಳುತ್ತಾನೆ: ಉಪವಾಸದ ದಿನವೂ ನಿಮ್ಮ ವ್ಯವಹಾರ ನೋಡಿಕೊಳ್ಳುತ್ತೀರಿ, ಕೂಲಿಯವರನ್ನು ಹಿಂಡುತ್ತೀರಿ, ಜಗಳ ಆಡುತ್ತೀರಿ, ಇದಕ್ಕೆ ಉಪವಾಸ ಅಂತೀರಾ? ಹಸಿದವನಿಗೆ ನಿಮ್ಮ ರೊಟ್ಟಿ ಹಂಚಿ, ಮನೆ ಇಲ್ಲದವನನ್ನು ಒಳಗೆ ಕರೆಯಿರಿ, ಅದೇ ದೇವರಿಗೆ ಬೇಕಾದ ಉಪವಾಸ. ರಾತ್ರಿಯಿಂದ ಗಂಟಲು ಒಣಗಿಸಿಕೊಂಡು ನಿಂತವರು ಇದನ್ನು ಕೇಳಬೇಕು. ಸಂಜೆ ಹೊತ್ತಿಗೆ ಯೋನನ ಕಥೆ. ಮೀನು ನುಂಗಿತಲ್ಲ, ಅವನೇ. ನಿಮ್ಮ ಊರು ನಾಶವಾಗುತ್ತದೆ ಅಂತ ಯೋನ ದೇವರ ಎಚ್ಚರಿಕೆ ಹೇಳಿದಾಗ ನಿನೆವೆ ಊರಿನ ರಾಜ ಹೆದರಿ ಮನುಷ್ಯರಷ್ಟೇ ಅಲ್ಲ, ದನಕುರಿಗಳೂ ಉಪವಾಸ ಇರಬೇಕು ಅಂತ ಆಜ್ಞೆ ಮಾಡುತ್ತಾನೆ, ಆಮೇಲೆ ಊರು ಉಳಿಯುತ್ತದೆ. ಆದರೆ ಹಳೆಯ ರಬ್ಬಿಗಳು, ಅಂದರೆ ಅವರ ಧರ್ಮಗುರುಗಳು, ಅಲ್ಲೊಂದು ಗೆರೆ ಎಳೆದು ತೋರಿಸಿದ್ದಾರೆ. ದೇವರು ಅವರ ಗೋಣಿಬಟ್ಟೆಯನ್ನೂ ಉಪವಾಸವನ್ನೂ ನೋಡಿದ ಅಂತ ಬರೆದಿಲ್ಲ, ಕೆಟ್ಟ ದಾರಿ ಬಿಟ್ಟ ಅವರ ನಡತೆಯನ್ನು ನೋಡಿದ ಅಂತ ಬರೆದಿದೆ.

ಪಾಪದ ಲೆಕ್ಕವನ್ನು ಅವರು ಎರಡು ಮಾಡಿದ್ದಾರೆ. ದೇವರಿಗೂ ನಿನಗೂ ನಡುವಿನ ತಪ್ಪಾದರೆ ಯೋಮ್ ಕಿಪ್ಪುರ್ ತೊಳೆಯುತ್ತದೆ. ಇನ್ನೊಬ್ಬ ಮನುಷ್ಯನಿಗೆ ಮಾಡಿದ ತಪ್ಪಾದರೆ ಅವನನ್ನು ಸಮಾಧಾನ ಮಾಡುವವರೆಗೆ ಯೋಮ್ ಕಿಪ್ಪುರ್ ಕೂಡ ಏನೂ ಮಾಡಲಾರದು. ಇದು ಸುಮಾರು 1800 ವರ್ಷ ಹಿಂದೆ ಒಟ್ಟುಗೂಡಿಸಿದ ಅವರ ಧರ್ಮನಿಯಮಗಳ ಗ್ರಂಥ ಮಿಶ್ನಾದಲ್ಲೇ ಇದೆ. ನೀನು ಯಾರಿಗೋ ಮೋಸ ಮಾಡಿ ದೇವರ ಹತ್ತಿರ ಅತ್ತರೆ ಅವನು ಏನು ಮಾಡಬೇಕು ಹೇಳಿ?

ನಾನು ನೋಡಿಕೊಳ್ಳುತ್ತಿದ್ದ ಅಜ್ಜಿಗೆ 86 ವರ್ಷ. ಅಜ್ಜಿಗೆ ಅಲ್ಲಿ ಸವ್ತಾ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತಿದ್ದೆ. ಹೊಸ ವರ್ಷ ರೋಶ್ ಹಶಾನಾದಿಂದ ಯೋಮ್ ಕಿಪ್ಪುರ್‌ವರೆಗೆ ಹತ್ತು ದಿನ, ಆ ದಿನಗಳಲ್ಲಿ ಸವ್ತಾ ಫೋನ್ ಪುಸ್ತಕ ಹಿಡಿದು ಕೂರುತ್ತಿದ್ದರು. ನೆಂಟರು, ಪಕ್ಕದ ಮನೆಯವರು, ಔಷಧಿ ಅಂಗಡಿಯ ಹುಡುಗಿ. ನಾನೇನಾದರೂ ನಿನಗೆ ನೋವು ಮಾಡಿದ್ದರೆ ಕ್ಷಮಿಸು. ನನ್ನನ್ನೂ ಎದುರಿಗೆ ಕೂರಿಸಿ ಕೇಳಿದರು. ನನಗೆ ಮುಜುಗರ ಆಯಿತು, "ಏನಿಲ್ಲ ಸವ್ತಾ" ಅಂದೆ. "ಸುಮ್ನೆ ಏನಿಲ್ಲ ಅನ್ನಬೇಡ, ಯೋಚನೆ ಮಾಡಿ ಹೇಳು" ಅಂದರು. ಕಾರ್ಕಳ, ಮೂಡುಬಿದಿರೆ ಕಡೆಯ ಜೈನರಿಗೆ ಇದು ಅರ್ಥವಾಗುತ್ತದೆ, ದಶಲಕ್ಷಣ ಪರ್ವದ ವ್ರತಗಳು ಮುಗಿದ ಮೇಲೆ ಕ್ಷಮಾವಾಣಿ ದಿನ ಅವರೂ ಒಬ್ಬರನ್ನೊಬ್ಬರು ಕ್ಷಮೆ ಕೇಳುತ್ತಾರೆ.

ಒಂದು ನಂಬರಿಗೆ ಮಾತ್ರ ಸವ್ತಾ ಕೈ ನಡುಗುತ್ತಿತ್ತು. ತಂಗಿಯದು. ಅಮ್ಮನ ಬಳೆ ಯಾರಿಗೆ ಅನ್ನುವ ಜಗಳ, ಎಷ್ಟೋ ವರ್ಷದ ಹಿಂದಿನದು. ಎರಡು ಸಲ ಮಾಡಿದರು, ತಂಗಿ ಎತ್ತಲಿಲ್ಲ. ಮೂರು ಸಲ ಕೇಳಬೇಕು ಅಂತ ಅವರಲ್ಲಿ ನಿಯಮ ಇದೆ.

ಅಷ್ಟರಲ್ಲಿ ಯೋಮ್ ಕಿಪ್ಪುರ್ ಶುರುವಾಗುವ ಸಂಜೆಯಾಯಿತು, ಕೋಲ್ ನಿದ್ರೇ ಪ್ರಾರ್ಥನೆ ಶುರು. ಹೆಸರು ಕೇಳಿ ಮೋಸ ಹೋಗಬೇಡಿ, ನಾನೂ ಹೋಗಿದ್ದೆ. ನಮ್ಮೂರಲ್ಲಿ ಕೋಲ ಅಂದರೆ ರಾತ್ರಿಯಿಡೀ ಎಚ್ಚರ, ಇದೇನಪ್ಪಾ ಕೋಲದಲ್ಲಿ ನಿದ್ರೆ ಅಂತ. ಅದು ಅರಾಮಿಕ್ ಭಾಷೆ, "ಎಲ್ಲ ಹರಕೆಗಳೂ" ಅಂತ ಅರ್ಥ. ದೇವರಿಗೆ ಹೇಳಿಕೊಂಡು ತೀರಿಸಲಾಗದ ಹರಕೆಗಳಿಂದ ಬಿಡಿಸಿಕೊಳ್ಳುವ ಮಾತು. ಮನುಷ್ಯರಿಗೆ ಕೊಟ್ಟ ಮಾತಿಗೆ ಇದು ಅನ್ವಯಿಸುವುದಿಲ್ಲ, ನೋಡಿ, ಮತ್ತೆ ಅದೇ ಲೆಕ್ಕ.

ಸವ್ತಾಗೆ ಶುಗರ್ ಇತ್ತು, ಹೃದಯವೂ ಸರಿ ಇರಲಿಲ್ಲ. ಡಾಕ್ಟರ್ ಉಪವಾಸ ಬೇಡ ಅಂದಿದ್ದನ್ನು ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. ಕೊನೆಗೆ ಮಗ ರಬ್ಬಿಯನ್ನು ಕರೆಸಿದ. ರಬ್ಬಿ ಹೇಳಿದ್ದು ಇಷ್ಟೇ, ಈ ದಿನ ತಿನ್ನುವುದೇ ನಿಮ್ಮ ಕರ್ತವ್ಯ. ಜೀವಕ್ಕೆ ಅಪಾಯ ಇದ್ದರೆ ಉಪವಾಸ ಮುರಿಯಲೇಬೇಕು, ಹಟ ಹಿಡಿಯುವುದು ಭಕ್ತಿ ಅಲ್ಲ, ಇದರಲ್ಲಿ ಅವರ ಧರ್ಮಶಾಸ್ತ್ರ ಸ್ಪಷ್ಟ. ಪೂರ್ತಿ ಮುರಿಯಲು ಮನಸ್ಸಿಲ್ಲದ ಕಾಯಿಲೆಯವರಿಗೆ ಒಂದು ದಾರಿಯೂ ಇದೆ. ಒಂದು ಸಲಕ್ಕೆ ಸುಮಾರು 30 ಮಿಲಿ ಮೀರದಷ್ಟು ತಿನ್ನುವುದು, ಕುಡಿಯುವುದಾದರೆ ಒಂದು ಬಾಯಿ ತುಂಬದಷ್ಟು, ಆಮೇಲೆ ಒಂಬತ್ತು ನಿಮಿಷ ಬಿಟ್ಟು ಮತ್ತೆ. ಕೆಮ್ಮಿನ ಸಿರಪ್ಪಿನ ಮುಚ್ಚಳದಲ್ಲಿ ಅಳೆದು ಗಡಿಯಾರ ನೋಡುತ್ತಾ ದಿನವಿಡೀ ಕೊಟ್ಟವರು ನಾವು. ಪ್ರತಿ ಸಲವೂ ಅವರ ಕಣ್ಣಲ್ಲಿ ನೀರು. ಅದುವರೆಗೆ ಒಂದು ವರ್ಷವೂ ತಪ್ಪಿಸಿರಲಿಲ್ಲವಂತೆ. ನನಗೆ ಮಾತ್ರ ಆ ಮುಚ್ಚಳದ ನೀರು ಯಾವ ಉಪವಾಸಕ್ಕೂ ಕಡಿಮೆ ಅನ್ನಿಸಲಿಲ್ಲ.

ಹಾಗಂತ ಇದು ಅಳುವ ದಿನವೂ ಅಲ್ಲ. ದುಃಖದ ಉಪವಾಸ ಬೇರೆ ಇದೆ, ತಿಶಾ ಬೆ ಆವ್, ಜೆರುಸಲೇಮಿನ ದೇವಾಲಯ ಎರಡು ಸಲ ನಾಶವಾದ ನೆನಪಿಗೆ, ಎರಡನೇ ಸಲ ಕ್ರಿ.ಶ. 70ರಲ್ಲಿ ರೋಮನ್ನರ ಕೈಯಲ್ಲಿ. ಯೋಮ್ ಕಿಪ್ಪುರ್ ಹಾಗಲ್ಲ. ಹಿಂದೆ ಈ ದಿನ ಹುಡುಗಿಯರು ಬಿಳಿ ಬಟ್ಟೆಯಲ್ಲಿ ದ್ರಾಕ್ಷಿ ತೋಟಗಳಲ್ಲಿ ಕುಣಿಯುತ್ತಿದ್ದರಂತೆ. ಬಟ್ಟೆಯನ್ನು ಎಲ್ಲರೂ ಎರವಲು ತಂದೇ ಹಾಕಬೇಕು, ಇಲ್ಲದವಳಿಗೆ ನಾಚಿಕೆ ಆಗಬಾರದಲ್ಲ. ನನಗೆ ಇಡೀ ಮಿಶ್ನಾದಲ್ಲಿ ಕೇಳಿದ್ದರಲ್ಲಿ ಇಷ್ಟವಾದದ್ದು ಇದೇ.

ಅವರ ಮುಖ್ಯ ಪದ ತೆಶುವಾ. ಪಶ್ಚಾತ್ತಾಪ ಅಂತ ಅನುವಾದ ಮಾಡುತ್ತಾರೆ, ಆದರೆ ಪದದ ಅರ್ಥ ಹಿಂದಿರುಗುವುದು. ದಾರಿ ತಪ್ಪಿದವನು ಮನೆಗೆ ಬಂದ ಹಾಗೆ. 1204ರಲ್ಲಿ ತೀರಿಕೊಂಡ ಪಂಡಿತ ಮೈಮೊನಿಡೀಸ್ ಪ್ರಕಾರ ತೆಶುವಾ ಪೂರ್ತಿಯಾಗುವುದು ಯಾವಾಗ ಅಂದರೆ, ಅದೇ ತಪ್ಪು ಮಾಡುವ ಅವಕಾಶ ಮತ್ತೆ ಬಂದು, ಮಾಡುವ ಶಕ್ತಿಯೂ ಇದ್ದು, ಮಾಡದೆ ಬಿಟ್ಟಾಗ. ಉಪವಾಸ ಮುಗಿದ ಮರುದಿನ, ಮರುವಾರ, ಅಂಗಡಿಯಲ್ಲಿ, ಅಡುಗೆಮನೆಯಲ್ಲಿ ನಡೆಯುವ ಪರೀಕ್ಷೆ ಅದು.

ಕತ್ತಲಾದ ಮೇಲೆ ಟಗರಿನ ಕೊಂಬಿನ ಶೋಫಾರನ್ನು ಒಂದು ಸಲ ಉದ್ದಕ್ಕೆ ಊದುತ್ತಾರೆ, ಮುಗಿಯಿತು. ಸವ್ತಾಗೆ ಚಹಾ ಮಾಡಿಕೊಟ್ಟು ನಾನು ಮನೆಗೆ ಫೋನ್ ಮಾಡಿದೆ, ಊರಲ್ಲಿ ದಸರಾ ಗದ್ದಲ. ಕೆಳಗೆ ಅಂಗಳದಲ್ಲಿ ಆಗಲೇ ಸುತ್ತಿಗೆ ಸದ್ದು. ಐದು ದಿನಕ್ಕೆ ಸುಕ್ಕೋತ್ ಹಬ್ಬ, ಅದರ ಚಪ್ಪರಕ್ಕೆ ಉಪವಾಸ ಮುಗಿಸಿದ ರಾತ್ರಿಯೇ ಮೊದಲ ಮೊಳೆ ಹೊಡೆಯುವ ಪದ್ಧತಿ.

ಬೆಳಿಗ್ಗೆ ಸವ್ತಾ ತಂಗಿಗೆ ಮೂರನೇ ಸಲ ಮಾಡಿದರು. ಎತ್ತಲಿಲ್ಲ. ನಿಯಮ ಅಲ್ಲಿಗೆ ಮುಗಿಯುತ್ತದೆ. ಸುಕ್ಕೋತ್‌ನ ಎರಡನೇ ದಿನ ನಾಲ್ಕನೇ ಸಲ ಮಾಡಿದಾಗ ಎತ್ತಿದರು. ಅರ್ಧ ಗಂಟೆ ಮಾತಾಡಿದರು, ಪೂರ್ತಿ ಮೊಣಕಾಲು ನೋವಿನ ಬಗ್ಗೆ. ಬಳೆಯ ಸುದ್ದಿ ಇಬ್ಬರೂ ಎತ್ತಲಿಲ್ಲ.