ಸ್ಟೇಷನ್ ಲೆಕ್ಕದ ಆರೈಕೆ: ಮುಂಬೈ ಕನ್ನಡ ಸಭೆಯ ಸೇವಾ ತಂಡದ ಪ್ರಗತಿ ಟಿಪ್ಪಣಿ

ಜೂನ್: ಪಟ್ಟಿ

ಸಭೆಯ, ಅಂದರೆ ನಮ್ಮ ಚರ್ಚಿನ, ಕುಟುಂಬ ರಿಜಿಸ್ಟರ್ ಇರುವುದು ಹೆಸರಿನ ಅಕ್ಷರಕ್ರಮದಲ್ಲಿ. ವಾರ್ಷಿಕ ಚಂದಾ ಬರೆದುಕೊಳ್ಳಲು ಅದು ಸಾಕು. ಹಾಸಿಗೆ ಹಿಡಿದವರನ್ನು ನೋಡಿ ಬರಲು ಹೊರಟರೆ ಉಪಯೋಗಕ್ಕಿಲ್ಲ. ಒಂದು ಮನೆ ಕೊಲಾಬಾದಲ್ಲಿ, ಮುಂದಿನದು ಅಂಬರನಾಥದಲ್ಲಿ, ಅದರ ಮುಂದಿನದು ನಾಲಾಸೋಪಾರದಲ್ಲಿ. ನಕ್ಷೆ ನೋಡಿ ಗುಂಪು ಮಾಡಿದರೂ ಮುಂಬೈ ಮೋಸ ಮಾಡುತ್ತದೆ. ಮುಲುಂಡ್ ಮತ್ತು ಬೋರಿವಲಿ ನಕ್ಷೆಯಲ್ಲಿ ಅಕ್ಕಪಕ್ಕ, ಆದರೆ ನಡುವೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡು. ಲೋಕಲ್‌ನಲ್ಲಿ ಹೋಗುವವರು ದಾದರ್‌ವರೆಗೆ ಬಂದು ಲೈನ್ ಬದಲಿಸಬೇಕು. ಹಾಗಾಗಿ ಪಟ್ಟಿಯನ್ನು ಸ್ಟೇಷನ್ ಪ್ರಕಾರ ಹೊಸದಾಗಿ ಬರೆದಾಯಿತು. ಸೆಂಟ್ರಲ್, ವೆಸ್ಟರ್ನ್, ಹಾರ್ಬರ್. ಒಂದೊಂದು ಲೈನಿನಲ್ಲೂ ಸಾಲಾಗಿ ಬರುವ ಮೂರು ನಾಲ್ಕು ಸ್ಟೇಷನ್ ಸೇರಿದರೆ ಒಂದು ಗುಂಪು.

ಪ್ರತಿ ಮನೆಗೂ ಬರೆದುಕೊಂಡದ್ದು: ಸ್ಟೇಷನ್ನಿನ ಪೂರ್ವವೋ ಪಶ್ಚಿಮವೋ, ಅಲ್ಲಿಂದ ಶೇರ್ ರಿಕ್ಷಾವೋ ಬಸ್ಸೋ, ಎಷ್ಟನೇ ಮಹಡಿ, ಲಿಫ್ಟ್ ಇದೆಯೇ, ಹಗಲು ಮನೆಯಲ್ಲಿ ಯಾರಿರುತ್ತಾರೆ, ಊರಿನಲ್ಲಿ ತುರ್ತಿಗೆ ಯಾರ ನಂಬರು. ಲಿಫ್ಟ್ ವಿಷಯ ಸಣ್ಣದೆನಿಸಬಹುದು. ಆದರೆ ಮೊಣಕಾಲು ನೋವಿನ ಹಿರಿಯರನ್ನು ಲಿಫ್ಟಿಲ್ಲದ ನಾಲ್ಕನೇ ಮಹಡಿಯ ಮನೆಗೆ ಕಳಿಸಿದರೆ ಆ ಭೇಟಿ ಮುಂದಿನ ತಿಂಗಳು ನಡೆಯುವುದಿಲ್ಲ. 70 ದಾಟಿದವರ ಸಾಲಿನಲ್ಲಿ ಇನ್ನೊಂದು ಕಾಲಂ ಇದೆ: ಆಯುಷ್ಮಾನ್ ಕಾರ್ಡ್ ಆಗಿದೆಯೇ. 2024ರ ಅಕ್ಟೋಬರ್‌ನಿಂದ ಆ ವಯಸ್ಸಿನವರಿಗೆ ಆದಾಯದ ಮಿತಿ ಇಲ್ಲ. ವಯಸ್ಸು ನೋಡುವುದು ಆಧಾರ್‌ನಲ್ಲಿ. ಅಲ್ಲಿ ಹುಟ್ಟಿದ ವರ್ಷ ತಪ್ಪಿದ್ದರೆ ಈಗಲೇ ಸರಿ ಮಾಡಿಸಬೇಕು, ಆಸ್ಪತ್ರೆ ಸೇರಿದ ಮೇಲೆ ಅದಕ್ಕೆ ಸಮಯ ಸಿಗುವುದಿಲ್ಲ.

ಹತ್ತು ಮನೆಗೆ ಒಬ್ಬ ಹೊಣೆಗಾರ. ಬೈಬಲಿನ ವಿಮೋಚನಕಾಂಡ 18ರಲ್ಲಿ ಮೋಶೆಗೆ ಅವನ ಮಾವ ಹೇಳಿಕೊಟ್ಟ ಲೆಕ್ಕವೇ ಇದು, ಹೊಸದೇನಲ್ಲ. ಹತ್ತಕ್ಕಿಂತ ಹೆಚ್ಚಾದರೆ ಯಾರು ಬಂದಿಲ್ಲ ಎಂಬುದು ಕಣ್ಣಿಗೆ ಬೀಳುವುದಿಲ್ಲ, ಮತ್ತು ಈ ಕೆಲಸದ ಮುಕ್ಕಾಲು ಪಾಲು ಅದೇ. ಕಷ್ಟದಲ್ಲಿರುವ ಮನೆ ತಾನಾಗಿ ಫೋನ್ ಮಾಡುವುದು ಕಡಿಮೆ. ಮೊದಲು ಆರಾಧನೆಗೆ ಬರುವುದು ನಿಲ್ಲುತ್ತದೆ. ಸತತ ಎರಡು ಭಾನುವಾರ ಕಾಣದಿದ್ದರೆ ಫೋನ್, ಮೂರನೆಯದಕ್ಕೆ ಭೇಟಿ. ಫೋನಿನಲ್ಲಿ "ಯಾಕೆ ಬರಲಿಲ್ಲ?" ಎಂದು ಶುರು ಮಾಡಬಾರದು. ಅದು ಹಾಜರಿ ಕೇಳಿದಂತಾಗುತ್ತದೆ, ಮುಂದಿನ ಸಲ ಫೋನ್ ಎತ್ತುವುದಿಲ್ಲ. "ಅಕ್ಕ, ಗುರುವಾರ ನಿಮ್ಮ ಕಡೆ ಬರ್ತಾ ಇದ್ದೇವೆ, ಹತ್ತು ನಿಮಿಷ ಬಂದು ಹೋಗಬಹುದಾ?" ಎಂದರೆ ಸಾಕು.

ಜುಲೈ: ಆಸ್ಪತ್ರೆ ಭೇಟಿ

ಹಳೆಯ ರೂಢಿಯಂತೆ ಭಾನುವಾರ ಆರಾಧನೆ ಮುಗಿಸಿ ಎಂಟು ಹತ್ತು ಜನ ಒಟ್ಟಿಗೆ ಹೊರಡುವುದನ್ನು ನಿಲ್ಲಿಸಲಾಗಿದೆ. ಕಾರಣ ಎರಡು. ಸೆಂಟ್ರಲ್ ಮತ್ತು ಹಾರ್ಬರ್ ಲೈನಿನ ಮೆಗಾ ಬ್ಲಾಕ್ (ಹಳಿ ದುರಸ್ತಿಗೆ ರೈಲು ನಿಲ್ಲಿಸುವುದು, ಕಡಿಮೆ ಮಾಡುವುದು) ಬರುವುದು ಭಾನುವಾರವೇ, ಸಾಮಾನ್ಯವಾಗಿ ಬೆಳಿಗ್ಗೆ 11ರ ಸುಮಾರಿನಿಂದ ಸಂಜೆ 4ರವರೆಗೆ. ವೆಸ್ಟರ್ನ್‌ನಲ್ಲಿ ಅದಕ್ಕೆ ಜಂಬೋ ಬ್ಲಾಕ್ ಎನ್ನುತ್ತಾರೆ. ಆರಾಧನೆ ಬಿಡುವುದೂ ಅದೇ ಹೊತ್ತಿಗೆ. ಎರಡನೆಯದು, ಹತ್ತು ಜನ ಹಾಸಿಗೆ ಸುತ್ತ ನಿಂತರೆ ರೋಗಿ ಅವರನ್ನು ಉಪಚರಿಸಲು ಎದ್ದು ಕೂರಲು ನೋಡುತ್ತಾರೆ. ಈಗ ವಾರದ ನಡುವೆ ಇಬ್ಬರು, ಭೇಟಿಯ ವೇಳೆಯಲ್ಲಿ ಮಾತ್ರ, ಹದಿನೈದು ನಿಮಿಷ. ಹೆಣ್ಣು ರೋಗಿಯ ಬಳಿ ಹೋಗುವ ಇಬ್ಬರಲ್ಲಿ ಒಬ್ಬರಾದರೂ ಹೆಂಗಸಿರಬೇಕು.

ಹೋದವರಿಗೆ ಹೇಳಿಕೊಟ್ಟಿರುವುದು: ಒಳಗೆ ಹೋಗುವಾಗಲೂ ಹೊರಗೆ ಬಂದ ಮೇಲೂ ಕೈ ತೊಳೆಯಿರಿ. ಹಾಸಿಗೆಯ ಮೇಲೆ ಕೂರಬೇಡಿ. ನೆಗಡಿ, ಕೆಮ್ಮು ಇದ್ದವರು ಹೋಗಲೇಬೇಡಿ. ಏನು ಕಾಯಿಲೆ ಎಂದು ಕೇಳಬೇಡಿ, ಅವರೇ ಹೇಳಿದರೆ ಕೇಳಿಸಿಕೊಳ್ಳಿ. ನಿಮ್ಮ ಸಂಬಂಧಿಗೂ ಇದೇ ಆಗಿತ್ತು ಎಂಬ ಕಥೆ ಬೇಡ. ಖಂಡಿತ ಗುಣವಾಗುತ್ತದೆ ಎಂಬ ಮಾತೂ ಬೇಡ, ಇದು ದೇವರ ಚಿತ್ತ ಎಂಬ ಮಾತೂ ಬೇಡ. ಪ್ರಾರ್ಥನೆ ಮಾಡಲೇ ಎಂದು ಕೇಳಿ, ಒಪ್ಪಿದರೆ ಎರಡು ನಿಮಿಷ, ಪಕ್ಕದ ಹಾಸಿಗೆಗೆ ಕೇಳಿಸದ ದನಿಯಲ್ಲಿ. 23ನೇ ಕೀರ್ತನೆ ಓದುವುದಾದರೆ ಪುಸ್ತಕದಿಂದಲೇ ಓದಿ; ರೋಗಿಗೆ ಬಾಯಿಪಾಠ ಬರುತ್ತದೆ, ನೀವು ತಪ್ಪಿದರೆ ಅವರು ತಿದ್ದುವ ಶ್ರಮ ಪಡುತ್ತಾರೆ. ವಾರ್ಡಿನಲ್ಲಿ ಬೇರೆಯವರಿಗೆ ಕರಪತ್ರ ಹಂಚುವುದಕ್ಕೆ ಪೂರ್ತಿ ನಿಷೇಧ. ಯಾಕೋಬ 5:14ರಂತೆ ಎಣ್ಣೆ ಹಚ್ಚಿ ಪ್ರಾರ್ಥಿಸಬೇಕೆಂದು ರೋಗಿ ಕೇಳಿದರೆ ಅಯ್ಯನವರಿಗೆ (ಸಭೆಯ ಪಾದ್ರಿಗಳಿಗೆ) ತಿಳಿಸಿ, ಸ್ವಯಂಸೇವಕರು ಅದಕ್ಕೆ ಕೈ ಹಾಕಬಾರದು.

ಪರೇಲ್‌ಗೆ ಬೇರೆಯೇ ಜೋಡಿ ಬೇಕಾಯಿತು. 1941ರಲ್ಲಿ ಶುರುವಾದ ಅಲ್ಲಿನ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಗೆ ಕರ್ನಾಟಕದಿಂದ ಬರುವವರಲ್ಲಿ ಅನೇಕರು ಯಾವುದೋ ಸಭೆಯ ಪರಿಚಯದ ನಂಬರು ಹಿಡಿದುಕೊಂಡೇ ರೈಲು ಹತ್ತುತ್ತಾರೆ. ಅವರನ್ನು ಮೊದಲು ಕೇಳಬೇಕಾದ ಪ್ರಶ್ನೆ: ಪರೇಲ್‌ಗೋ, ಖಾರ್ಘರ್‌ನ ಆ್ಯಕ್ಟ್ರೆಕ್‌ಗೋ? ಎರಡೂ ಟಾಟಾದ ಕ್ಯಾನ್ಸರ್ ಕೇಂದ್ರಗಳೇ, ಎರಡಕ್ಕೂ ಜನ ಟಾಟಾ ಎಂದೇ ಹೇಳುತ್ತಾರೆ. ಕೇಳದೆ ಹೊರಟವರ ಅರ್ಧ ದಿನ ರೈಲಿನಲ್ಲೇ ಹೋಗುತ್ತದೆ. ವಸತಿಗೆ ದಾದರಿನ ಗಾಡ್ಗೆ ಮಹಾರಾಜ್ ಧರ್ಮಶಾಲೆಯಲ್ಲಿ ಮೊದಲು ವಿಚಾರಿಸುತ್ತೇವೆ. ಜೊತೆ ಹೋದವರ ಕೆಲಸ ಸಾಲಿನಲ್ಲಿ ನಿಲ್ಲುವುದು, ಫಾರಂ ತುಂಬುವುದು, ಫೈಲ್ ನಂಬರನ್ನು ಎರಡು ಕಡೆ ಬರೆದಿಡುವುದು, ಡಾಕ್ಟರ ಹಿಂದಿಯನ್ನು ಕನ್ನಡಕ್ಕೆ ಹೇಳುವುದು. ಡಾಕ್ಟರ್ ಹೇಳಿದ್ದಕ್ಕೆ ಏನನ್ನೂ ಸೇರಿಸಬಾರದು, ಏನನ್ನೂ ಬಿಡಬಾರದು. ಮನೆಯವರಿಗೆ ನೋವಾಗುತ್ತದೆಂದು ಅರ್ಧ ಮುಚ್ಚಿಟ್ಟರೆ ಅವರು ಆ ಅರ್ಧ ನಂಬಿ ಊರಿನ ಹೊಲ ಮಾರುವ ತೀರ್ಮಾನಕ್ಕೆ ಬರಬಹುದು. ಚಿಕಿತ್ಸೆ ಮುಂದುವರಿಯದ ಹಂತದವರಿಗೆ ಬಾಂದ್ರಾದ ಶಾಂತಿ ಅವೇದನಾ ಸದನವನ್ನು ತಿಳಿಸುತ್ತೇವೆ. 1986ರಲ್ಲಿ ಶುರುವಾದ ದೇಶದ ಮೊದಲ ಹಾಸ್ಪಿಸ್ (ಕೊನೆಯ ದಿನಗಳ ಆರೈಕೆಯ ಮನೆ) ಅದು.

ಆಗಸ್ಟ್: ಊಟದ ಡಬ್ಬ

ಕಲಬುರಗಿ, ಬೀದರ ಕಡೆಯ ಮನೆಗಳೂ ಮಂಗಳೂರು, ಉಡುಪಿ ಕಡೆಯ ಮನೆಗಳೂ ಒಂದೇ ಸಭೆಯಲ್ಲಿವೆ. ಬಾಯಿರುಚಿ ಕೆಟ್ಟ ಹೊತ್ತಿನಲ್ಲಿ ಒಬ್ಬರಿಗೆ ಕುಚ್ಚಲಕ್ಕಿ ಗಂಜಿ ಬೇಕು, ಇನ್ನೊಬ್ಬರಿಗೆ ಜೋಳದ ನುಚ್ಚು. ಮೊದಲು ಕೇಳಿ, ಆಮೇಲೆ ಒಲೆ ಹಚ್ಚಿ. ನಾಲ್ಕು ಜನರ ಒಂದು ಹೊತ್ತಿಗೆ 400 ಗ್ರಾಂ ಅಕ್ಕಿ, 150 ಗ್ರಾಂ ಬೇಳೆ, ಒಂದು ಪಲ್ಯ. ವಾರಕ್ಕೆ ಮೂರು ದಿನ ಸಾಕು. ದಿನವೂ ಕಳಿಸಿದರೆ ಎರಡನೇ ವಾರಕ್ಕೆ ಅಡುಗೆ ಮಾಡುವವರು ಸುಸ್ತಾಗುತ್ತಾರೆ, ಮನೆಯಲ್ಲಿ ಊಟ ಮಿಕ್ಕಿ ಹಾಳಾಗುತ್ತದೆ.

ದಾರಿಯಲ್ಲಿ ಕೆಡುವುದೇ ದೊಡ್ಡ ತಲೆನೋವು. ಬಿಸಿ ಅನ್ನವನ್ನು ಡಬ್ಬಕ್ಕೆ ಹಾಕಿ ಮುಚ್ಚಿ, ಮಳೆಗಾಲದ ಲೋಕಲ್‌ನಲ್ಲಿ ಒಂದೂವರೆ ತಾಸು ಒಯ್ದು, ಅಲ್ಲಿ ಮತ್ತೆ ಎರಡು ತಾಸು ಹಾಗೇ ಇಟ್ಟರೆ ತೊಂದರೆ ಆಗಬಹುದು. ಬೇಯಿಸಿದರೂ ಸಾಯದ ಬ್ಯಾಕ್ಟೀರಿಯಾ ಬೀಜಕಗಳು ಅನ್ನದಲ್ಲಿ ಉಳಿದಿರುತ್ತವೆ, ಉಗುರುಬೆಚ್ಚಗಿನ ಅನ್ನದಲ್ಲಿ ಅವು ಬೆಳೆದು ವಾಂತಿ ತರುತ್ತವೆ. ಪರಿಹಾರ ಸರಳ: ಅಡುಗೆ ಮಾಡುವ ಮನೆ ಆ ಸ್ಟೇಷನ್ ಗುಂಪಿನೊಳಗೇ ಇರಬೇಕು, ಒಲೆಯಿಂದ ಇಳಿಸಿ ಎರಡು ತಾಸಿನೊಳಗೆ ಊಟ ಆಗಬೇಕು. ತೆಂಗಿನಕಾಯಿ ಹಾಕಿದ್ದು ಮೊದಲು ಹಳಸುತ್ತದೆ, ಮಂಗಳೂರು ಕಡೆಯವರಿಗೆ ಇದನ್ನು ಒಪ್ಪಿಸುವುದೇ ಕಷ್ಟ. ಕೀಮೋ ನಡೆಯುತ್ತಿರುವವರಿಗೆ ನರ್ಸ್ ಅಥವಾ ಡಾಕ್ಟರನ್ನು ಕೇಳದೆ ಏನೂ ಒಯ್ಯಬಾರದು, ಅದರಲ್ಲೂ ಕತ್ತರಿಸಿದ ಹಣ್ಣು, ಹಸಿ ಚಟ್ನಿ. ಬಿಳಿ ರಕ್ತಕಣ ಇಳಿದಿರುವಾಗ ಸಣ್ಣ ಸೋಂಕೂ ಜೀವಕ್ಕೆ ಕುತ್ತು ತರಬಹುದು.

ಇನ್ನು ಡಬ್ಬ ವಾಪಸ್ ಬರುವುದಿಲ್ಲ ಎಂಬ ಗೋಳು. ತೊಳೆದು ಹಿಂದಿರುಗಿಸುವ ಕೆಲಸವನ್ನು ಕಷ್ಟದಲ್ಲಿರುವ ಮನೆಯ ಮೇಲೆ ಹೊರಿಸುವುದು ಸರಿಯಲ್ಲ. ಸೇವಾ ತಂಡದ್ದೇ ಸ್ಟೀಲ್ ಡಬ್ಬಗಳು, ತಳದಲ್ಲಿ ಕೊರೆಸಿದ ನಂಬರು. ಮುಂದಿನ ಊಟ ತಂದವರು ಹಿಂದಿನದನ್ನು ಎತ್ತಿಕೊಂಡು ಹೋಗುತ್ತಾರೆ.

ಸೆಪ್ಟೆಂಬರ್: ರಕ್ತದಾನಿಗಳ ಪಟ್ಟಿ

ರಕ್ತದ ಗುಂಪು ಮತ್ತು ಫೋನ್ ನಂಬರು ಮಾತ್ರ ಇರುವ ಪಟ್ಟಿ ತುರ್ತಿಗೆ ಕೆಲಸಕ್ಕೆ ಬರುವುದಿಲ್ಲ. ಬೇಕಾದದ್ದು ಕೊನೆಯ ದಾನದ ತಾರೀಕು: ಪೂರ್ಣ ರಕ್ತ ಕೊಟ್ಟ ಗಂಡಸರು 90 ದಿನ, ಹೆಂಗಸರು 120 ದಿನ ಕಾಯಬೇಕು. ಹಿಮೋಗ್ಲೋಬಿನ್ 12.5ಕ್ಕಿಂತ ಕಡಿಮೆ ಇದ್ದರೆ ಬ್ಲಡ್ ಬ್ಯಾಂಕ್‌ನಲ್ಲಿ ವಾಪಸ್ ಕಳಿಸುತ್ತಾರೆ. ಮಲೇರಿಯಾ ಆಗಿ ಗುಣವಾದ ಮೇಲೆ 3 ತಿಂಗಳು, ಡೆಂಗಿಗೆ 6 ತಿಂಗಳು ಕೊಡುವಂತಿಲ್ಲ. ಆದ್ದರಿಂದ ಮಳೆಗಾಲದಲ್ಲಿ ಪ್ಲೇಟ್‌ಲೆಟ್ ಕೇಳುವವರು ಹೆಚ್ಚುವ ಹೊತ್ತಿಗೇ ನಮ್ಮ ಪಟ್ಟಿ ಅರ್ಧಕ್ಕಿಳಿಯುತ್ತದೆ. ಪ್ಲೇಟ್‌ಲೆಟ್ 5 ದಿನಕ್ಕಿಂತ ಹೆಚ್ಚು ಉಳಿಯುವುದಿಲ್ಲ, ಮೊದಲೇ ಕೂಡಿಡಲು ಆಗದು. ಯಂತ್ರದಲ್ಲಿ ಪ್ಲೇಟ್‌ಲೆಟ್ ಮಾತ್ರ ತೆಗೆಯಲು ಒಂದರಿಂದ ಎರಡು ತಾಸು ಬೇಕು, ದಾನಿ ಹಿಂದಿನ 3 ದಿನ ಆಸ್ಪಿರಿನ್ ತೆಗೆದುಕೊಂಡಿರಬಾರದು. ಇದನ್ನು ಫೋನಿನಲ್ಲೇ ಕೇಳಿ ತಿಳಿದರೆ ಒಬ್ಬರ ಅರ್ಧ ದಿನದ ರಜೆ ಉಳಿಯುತ್ತದೆ.

ಅಕ್ಟೋಬರ್: ತರಬೇತಿ, ಗುಟ್ಟು, ಚಹಾ

1975ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಶುರುವಾದ, ಸಭೆಯ ಸದಸ್ಯರನ್ನೇ ಆರೈಕೆಗೆ ಸಿದ್ಧಪಡಿಸುವ ಸ್ಟೀಫನ್ ಮಿನಿಸ್ಟ್ರಿಯಲ್ಲಿ ಸ್ವಯಂಸೇವಕರಿಗೆ 50 ತಾಸಿನ ತರಬೇತಿ ಇದೆ. ಶಿಫ್ಟ್ ಕೆಲಸದವರಿರುವ ನಮ್ಮಲ್ಲಿ ಅಷ್ಟು ಆಗದು. ಎರಡೆರಡು ತಾಸಿನ ಹತ್ತು ಕೂಟಕ್ಕೆ ಇಳಿಸಿದ್ದೇವೆ, ಅರ್ಧದಷ್ಟು ಕೇಳಿಸಿಕೊಳ್ಳುವ ಅಭ್ಯಾಸಕ್ಕೇ ಮೀಸಲು. ಅವರಿಂದ ಹಾಗೇ ಎತ್ತಿಕೊಂಡದ್ದು ಎರಡು ನಿಯಮ: ಒಬ್ಬರೇ ಒಬ್ಬರ ಮಾತು ಕೇಳಿಸಿಕೊಳ್ಳುವಾಗ ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು; ಮತ್ತು ತಿಂಗಳಿಗೆ ಎರಡು ಸಲ ಸ್ವಯಂಸೇವಕರೇ ಸೇರಿ, ಹೆಸರು ಹೇಳದೆ, ತಮ್ಮ ಭಾರ ಇಳಿಸಿಕೊಳ್ಳುವುದು.

ಗುಟ್ಟು ಸೋರುವುದು ವಾಟ್ಸಾಪ್ ಪ್ರಾರ್ಥನಾ ಗುಂಪಿನಲ್ಲಿ. ಕಾಳಜಿಯಿಂದಲೇ ಹಾಕಿದ ಕಾಯಿಲೆಯ ಹೆಸರು ಸಂಜೆಯೊಳಗೆ ಊರಿನ ನೆಂಟರಿಗೆ ತಲುಪಿರುತ್ತದೆ. ಈಗ ಅನುಮತಿ ಇಲ್ಲದೆ ಹೆಸರಿಲ್ಲ, ಅನುಮತಿ ಇದ್ದರೂ ಕಾಯಿಲೆಯ ಹೆಸರಿಲ್ಲ. ಗುಟ್ಟಿಗೆ ಎರಡೇ ವಿನಾಯಿತಿ: ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯ (2012ರ ಪೋಕ್ಸೊ ಕಾಯಿದೆಯಂತೆ ಪೊಲೀಸರಿಗೆ ತಿಳಿಸಲೇಬೇಕು) ಮತ್ತು ಸಾಯುವ ಮಾತು. ಎರಡನೆಯದರಲ್ಲಿ ಆ ವ್ಯಕ್ತಿಯನ್ನು ಒಂಟಿಯಾಗಿ ಬಿಡದೆ ಮನೆಯವರಿಗೂ ಅಯ್ಯನವರಿಗೂ ತಿಳಿಸುವುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ರಲ್ಲಿ ಕನ್ನಡದಲ್ಲೂ ಮಾತಾಡಬಹುದು.

ಹಣದ ವಿಷಯ: ನಗದು ಯಾರ ಕೈಗೂ ಇಲ್ಲ, ಔಷಧಿ ಅಂಗಡಿಗೆ ನೇರ ಪಾವತಿ, ಇಬ್ಬರ ಸಹಿ.

ಆರಾಧನೆಯ ನಂತರದ ಚಹಾ ಅನ್ಯೋನ್ಯತೆಯ ಕೆಲಸವೇ, ಹೊಣೆಗಾರರು ತಮ್ಮ ಹತ್ತು ಮನೆಯವರನ್ನು ಮಾತಾಡಿಸುವುದು ಅಲ್ಲೇ. 120 ಕಪ್‌ಗೆ 7 ಲೀಟರ್ ಹಾಲು, 5 ಲೀಟರ್ ನೀರು, 300 ಗ್ರಾಂ ಚಹಾಪುಡಿ, 150 ಗ್ರಾಂ ಶುಂಠಿ, ಒಂದು ಕಿಲೋ ಸಕ್ಕರೆ. ಸಕ್ಕರೆ ಹಾಕುವ ಮೊದಲೇ 20 ಕಪ್ ಚಹಾ ಬೇರೆ ಫ್ಲಾಸ್ಕಿಗೆ. ಶುಂಠಿಯನ್ನು ನೀರಿನಲ್ಲಿ ಚೆನ್ನಾಗಿ ಕುದಿಸಿದ ಮೇಲೆಯೇ ಹಾಲು ಹಾಕಬೇಕು, ಹಸಿ ಶುಂಠಿಯ ಕಿಣ್ವ ಹಾಲನ್ನು ಒಡೆಯುತ್ತದೆ. ಹಾಲು ಒಡೆದರೆ ಜನ ಹತ್ತು ನಿಮಿಷದಲ್ಲಿ ಸ್ಟೇಷನ್ ದಾರಿ ಹಿಡಿಯುತ್ತಾರೆ.

ನವೆಂಬರ್‌ಗೆ ಬಾಕಿ: ಸಾವಾದ ಮನೆಗಳ ಕ್ಯಾಲೆಂಡರ್. ಶಿವಡಿ ಸ್ಮಶಾನದಿಂದ ಬಂದ ಮೊದಲ ವಾರ ಮನೆ ತುಂಬಾ ಜನ, ಮೂರನೇ ತಿಂಗಳಿಗೆ ಯಾರೂ ಇಲ್ಲ. ಮೂರು ವಾರ, ಮೂರು ತಿಂಗಳು, ಆರು ತಿಂಗಳು, ಹನ್ನೊಂದು ತಿಂಗಳಿಗೆ ಒಂದೊಂದು ಭೇಟಿ ಗುರುತು ಹಾಕಬೇಕು, ಮತ್ತು ಕ್ರಿಸ್‌ಮಸ್ ಹಾಡು ಹಾಡುತ್ತಾ ಮನೆಮನೆಗೆ ಹೋಗುವ ಕ್ಯಾರಲ್ ತಂಡ ಆ ಮನೆಗಳಿಗೆ ಡ್ರಮ್ ಇಲ್ಲದೆ, ಮೊದಲೇ ಕೇಳಿ ಹೋಗುವಂತೆ ಯುವಕರ ಸಂಘದೊಂದಿಗೆ ಮಾತಾಡಬೇಕು. ಪನ್ವೇಲ್ ಗುಂಪಿಗೆ ಇನ್ನೊಬ್ಬ ಗಂಡಸು ಹೊಣೆಗಾರ ಬೇಕಾಗಿದ್ದಾರೆ. ಹಗಲು ಬಿಡುವಿದ್ದವರಾದರೆ ಒಳ್ಳೆಯದು.